ಗ್ಯಾಸ್ಟ್ರಿಕ್ ಅಲ್ಲದ ಹೊಟ್ಟೆನೋವು

ಚಳ್ಳಕೆರೆಯ ಬಸ್ ನಿಲ್ದಾಣದ ಆಸುಪಾಸಿನ ಯಾವ ಮೆಡಿಕಲ್ ಸ್ಟೋರ್ ಮುಂದೆ ನಿಂತರೂ ಹೊಟ್ಟೆಯ ದೂರು ಕಿವಿಗೆ ಬೀಳುತ್ತದೆ. ಎದೆ ಉರಿದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೆ ಗ್ಯಾಸ್ಟ್ರಿಕ್, ತಲೆ ಸುತ್ತಿದರೂ ಗ್ಯಾಸ್ಟ್ರಿಕ್. ಅಂಗಡಿಯವರು ಒಂದು ಗುಳಿಗೆ ಕೊಡುತ್ತಾರೆ, ನೀರಿಗೆ ಹಾಕಿ ಕುಡಿಯುವ ಪುಡಿಯ ಪೊಟ್ಟಣ ಕೊಡುತ್ತಾರೆ, ಹೆಚ್ಚಿನವರಿಗೆ ಸಂಜೆಯೊಳಗೆ ವಾಸಿಯೂ ಆಗುತ್ತದೆ. ಹಾಗಾಗಿ ಈ ಪದ್ಧತಿಯನ್ನು ಪೂರ್ತಿ ಹಳಿಯುವಂತಿಲ್ಲ. ತೊಂದರೆ ಬರುವುದು ಅದೇ ಅಂಗಡಿಯ ಅದೇ ಗುಳಿಗೆ ಲೂಪಸ್ ಇರುವ ಹೆಣ್ಣುಮಗಳ ಕೈಗೆ ಹೋದಾಗ.

ಲೂಪಸ್‌ನ ಪೂರ್ತಿ ಹೆಸರು ಸಿಸ್ಟಮಿಕ್ ಲೂಪಸ್ ಎರಿಥೆಮಟೋಸಸ್. ಹೊರಗಿನ ರೋಗಾಣುಗಳ ಮೇಲೆ ಬೀಳಬೇಕಾದ ರೋಗನಿರೋಧಕ ವ್ಯವಸ್ಥೆ ಇಲ್ಲಿ ತನ್ನದೇ ದೇಹದ ಮೇಲೆ ತಿರುಗಿ ಬೀಳುತ್ತದೆ. ದೇಹದಲ್ಲಿ ಜೀವಕೋಶಗಳು ಸಾಯುತ್ತಲೇ ಇರುತ್ತವೆ. ಸತ್ತಾಗ ಅವುಗಳೊಳಗಿನ ಡಿಎನ್‌ಎ ಮತ್ತು ಅದಕ್ಕೆ ಅಂಟಿದ ಪ್ರೋಟೀನುಗಳು ಹೊರಬೀಳುತ್ತವೆ. ಆರೋಗ್ಯವಂತರಲ್ಲಿ ಈ ತುಣುಕುಗಳು ಬೇಗ ವಿಲೇವಾರಿಯಾಗುತ್ತವೆ. ಲೂಪಸ್ ಇರುವವರಲ್ಲಿ ಅವು ಉಳಿದುಕೊಳ್ಳುತ್ತವೆ, ಅವುಗಳ ವಿರುದ್ಧ ಪ್ರತಿಕಾಯಗಳು ತಯಾರಾಗುತ್ತವೆ. ಪ್ರತಿಕಾಯವೂ ತುಣುಕೂ ಅಂಟಿಕೊಂಡ ಗಂಟುಗಳು ರಕ್ತದಲ್ಲಿ ಸುತ್ತಿ, ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಹೂತು ಉರಿಯೂತ ಹುಟ್ಟಿಸುತ್ತವೆ. ರಕ್ತನಾಳ ಇಲ್ಲದ ಅಂಗವಿಲ್ಲ. ಅದಕ್ಕೇ ಇದು ಒಬ್ಬರಲ್ಲಿ ಕೀಲಿನ ರೋಗ, ಇನ್ನೊಬ್ಬರಲ್ಲಿ ಚರ್ಮದ ರೋಗ, ಮತ್ತೊಬ್ಬರಲ್ಲಿ ಕಿಡ್ನಿಯ ರೋಗ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಹೆಚ್ಚಿನವರಿಗೆ ಶುರುವಾಗುವುದು ಹದಿನೈದರಿಂದ ನಲವತ್ತೈದರ ನಡುವೆ, ಅಂದರೆ ಮದುವೆ, ಬಸಿರು, ಬಾಣಂತನ, ದುಡಿಮೆ ಎಲ್ಲವೂ ಒಟ್ಟಿಗೆ ಬರುವ ವಯಸ್ಸಿನಲ್ಲಿ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಈ ರೋಗಕ್ಕೆ ಅಡಗಿಕೊಳ್ಳಲು ಜಾಗ ಬೇಕಾದಷ್ಟಿದೆ. ಮೊದಲ ಲಕ್ಷಣ ಹೆಚ್ಚಾಗಿ ಕೀಲುನೋವು. ಆದರೆ ಇದು ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಸೀಮೆ. ಮೂಳೆ, ಕೀಲು ಬಿಗಿಯುವುದು ಇಲ್ಲಿ ಹೊಸ ಸುದ್ದಿಯಲ್ಲ. ಅದರ ಮೇಲೆ 2006ರಲ್ಲಿ ರಾಜ್ಯದಲ್ಲಿ ಏಳು ಲಕ್ಷಕ್ಕೂ ಮಿಕ್ಕಿದ ಶಂಕಿತ ಪ್ರಕರಣಗಳೊಂದಿಗೆ ಬಂದ ಚಿಕುನ್‌ಗುನ್ಯ, ‘ಜ್ವರ ಬಂದು ಹೋದಮೇಲೆ ಕೈಕಾಲು ಹಿಡಿಯೋದು ಇದ್ದದ್ದೇ’ ಎಂಬ ಮಾತನ್ನು ಊರೂರಿಗೆ ಬಿಟ್ಟುಹೋಗಿದೆ. ಎರಡನೆಯ ಲಕ್ಷಣ ಮುಖದ ಮೇಲಿನ ಕಲೆ. ಪಾಶ್ಚಾತ್ಯ ಪಠ್ಯಪುಸ್ತಕಗಳ ಚಿತ್ರದಲ್ಲಿ ಅದು ಬಿಳಿ ಕೆನ್ನೆಯ ಮೇಲೆ ರೆಕ್ಕೆ ಬಿಚ್ಚಿದ ಕೆಂಪು ಚಿಟ್ಟೆ. ಬಿಸಿಲಿಗೆ ಬೆಂದ ಕಪ್ಪು, ಗೋಧಿ ಬಣ್ಣದ ಕೆನ್ನೆಯಲ್ಲಿ ಕೆಂಪು ಕಾಣುವುದಿಲ್ಲ. ಕಂದು, ನೇರಳೆ, ಬೂದಿ ಬಣ್ಣಕ್ಕೆ ತಿರುಗುತ್ತದೆ. ನೋಡಿದವರು ಬಂಗು ಎನ್ನುತ್ತಾರೆ, ಮುಖಕ್ಕೆ ಹಚ್ಚುವ ಕ್ರೀಮು ಕೊಳ್ಳುತ್ತಾರೆ. ಆ ಕ್ರೀಮುಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್ ಬೆರೆಸಿರುವುದರಿಂದ ಕಲೆ ಒಂದಷ್ಟು ದಿನ ಮಾಯವೂ ಆಗುತ್ತದೆ. ಸುಸ್ತಿಗೆ ರಕ್ತಹೀನತೆ ಎಂದು, ಕೂದಲು ಉದುರಿದ್ದಕ್ಕೆ ಉಪ್ಪುನೀರು ಎಂದು ಕಾರಣ ಸಿದ್ಧವಾಗಿಯೇ ಇರುತ್ತದೆ. ಈ ಕಾರಣಗಳು ಯಾವುದೂ ಸುಳ್ಳಲ್ಲ ಎಂಬುದೇ ಕಷ್ಟ. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಅವು ಸರಿಯಾಗಿ ಹೊಂದಬಹುದು.

ಬಿಸಿಲಂತೂ ನೇರ ಶತ್ರು. ನೇರಳಾತೀತ ಕಿರಣ ಚರ್ಮದ ಕೋಶಗಳನ್ನು ಕೊಲ್ಲುತ್ತದೆ, ಮೇಲೆ ಹೇಳಿದ ತುಣುಕುಗಳು ಇನ್ನಷ್ಟು ಹೊರಬೀಳುತ್ತವೆ, ಮಲಗಿದ್ದ ರೋಗ ಏಳುತ್ತದೆ. ಮಳೆನೆರಳಿನ ಈ ಭಾಗ ಕರ್ನಾಟಕದ ಅತಿ ಒಣ ಪ್ರದೇಶಗಳಲ್ಲಿ ಒಂದು; ಮಳೆ ಬೀಳುವ ದಿನಗಳೇ ಕಡಿಮೆ. ಶೇಂಗಾ ಹೊಲದ ಕಳೆ ತೆಗೆಯುವುದರಿಂದ ಹಿಡಿದು ಕಾಯಿ ಬಿಡಿಸುವವರೆಗೆ ಬಯಲಲ್ಲಿ ಕೂತು ಮಾಡುವ ಕೆಲಸ ಹೆಚ್ಚಾಗಿ ಹೆಂಗಸರದು. ಲೂಪಸ್ ಇರುವವರಿಗೆ ವೈದ್ಯರು ಮೊದಲು ಹೇಳುವುದು ‘ಬಿಸಿಲಿಗೆ ಹೋಗಬೇಡಿ’ ಎಂದು. ಕೂಲಿಗೆ ಹೋಗದಿದ್ದರೆ ಒಲೆ ಹೊತ್ತದ ಮನೆಗೆ ಈ ಸಲಹೆ ಹೇಗೆ ಕೇಳಿಸುತ್ತದೆಂದು ಯಾರೂ ಕೇಳುವುದಿಲ್ಲ.

ಹಾಗಾದರೆ ಈ ಎರಡು ತಾಲ್ಲೂಕುಗಳಲ್ಲಿ ಎಷ್ಟು ಜನಕ್ಕೆ ಲೂಪಸ್ ಇರಬಹುದು? ಕೈಲೆಕ್ಕ ಹಾಕಿ ನೋಡಬಹುದು. 1993ರಲ್ಲಿ ಪ್ರಕಟವಾದ, ದೆಹಲಿ ಸಮೀಪದ ಹಳ್ಳಿಗಳ ಸಮೀಕ್ಷೆಯೊಂದರಲ್ಲಿ ಸುಮಾರು 92 ಸಾವಿರ ಜನರ ನಡುವೆ ಮೂವರಿಗೆ ಲೂಪಸ್ ಕಂಡಿತ್ತು. ಲಕ್ಷಕ್ಕೆ ಮೂವರಿಗಿಂತ ತುಸು ಹೆಚ್ಚು. ಅಮೆರಿಕದಲ್ಲಿ 2021ರ ಅಂದಾಜು ಲಕ್ಷಕ್ಕೆ ಸುಮಾರು 73. ಚಳ್ಳಕೆರೆ, ಮೊಳಕಾಲ್ಮುರು ಎರಡರ ಜನಸಂಖ್ಯೆ ಸೇರಿಸಿ ಸುಮಾರು ಐದು ಲಕ್ಷವೆಂದು ಹಿಡಿದರೆ ಮೊದಲ ಲೆಕ್ಕದಲ್ಲಿ ಹದಿನಾರು ಜನ, ಎರಡನೆಯದರಲ್ಲಿ 365. ಈ ಎರಡು ತುದಿಗಳ ನಡುವಿನ ಅಂತರ ರೋಗದ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ, ಅದನ್ನು ಹುಡುಕುವ ಕಣ್ಣುಗಳ ಬಗ್ಗೆ ಹೇಳುತ್ತದೆ. ಹೇಗೇ ಇರಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೊಬ್ಬರು ತಮ್ಮ ಇಡೀ ಸೇವಾವಧಿಯಲ್ಲಿ ಲೂಪಸ್‌ನ ಹೊಟ್ಟೆನೋವನ್ನು ಒಮ್ಮೆಯೂ ಕಾಣದೆ ನಿವೃತ್ತರಾಗಬಹುದು. ಕಂಡರೂ ಗುರುತಿಸದೆ ಹೋಗಿರಬಹುದು.

ಗುರುತಿಸಲು ಕಷ್ಟವೆಂಬುದು ಇಂದಿನ ಮಾತಲ್ಲ. ವಿಯೆನ್ನಾದ ಮೋರಿಟ್ಜ್ ಕಪೋಸಿ 1872ರಲ್ಲಿ ಲೂಪಸ್ ಬರೀ ಚರ್ಮದ ಕಾಯಿಲೆಯಲ್ಲ, ಒಳಗೂ ಇಳಿಯುತ್ತದೆ ಎಂದು ಬರೆದ. ಹೊಟ್ಟೆಯ ಕಡೆ ಬೆರಳು ತೋರಿಸಿದ್ದು ಕೆನಡಾ ಮೂಲದ ವಿಲಿಯಂ ಆಸ್ಲರ್. ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿದ್ದಾಗ 1895ರಿಂದ 1904ರವರೆಗೆ ಆತ ಬರೆದ ಲೇಖನಗಳಲ್ಲಿ ಮೈಮೇಲೆ ಕೆಂಪು ದದ್ದು, ಕೀಲುನೋವು, ಮೂತ್ರದಲ್ಲಿ ತೊಂದರೆ ಇರುವ ರೋಗಿಗಳು ಬರುತ್ತಾರೆ. ಅವರಿಗೆ ಆಗಾಗ ಹೊಟ್ಟೆ ಹಿಂಡುವ ಭೀಕರ ನೋವು. ಆ ನೋವು ಶಸ್ತ್ರಚಿಕಿತ್ಸೆಯ ಮೇಜಿಗೆ ಒಯ್ಯುವಷ್ಟು ಜೋರಾಗಿರುತ್ತಿತ್ತು ಎಂಬುದನ್ನು ಆಸ್ಲರ್ ಗಮನಿಸಿದ್ದ. ಆತನ ರೋಗಿಗಳಲ್ಲಿ ನಿಜವಾದ ಲೂಪಸ್ ಇದ್ದವರು ಬೆರಳೆಣಿಕೆಯಷ್ಟು ಮಾತ್ರ, ಉಳಿದವರದು ರಕ್ತನಾಳದ ಬೇರೆ ಉರಿಯೂತ ಎಂದು ಮುಂದೆ ಬಂದವರು ವಿಂಗಡಿಸಿದ್ದಾರೆ. ಆದರೂ ಚರ್ಮದ ಮೇಲೆ ಕಂಡ ಉರಿಯೂತ ಕರುಳಿನಲ್ಲೂ ನಡೆದಿರಬಹುದೆಂಬ ಎಳೆ ಹಿಡಿದವನು ಆತನೇ. ಎಕ್ಸ್‌ರೇ ಆಗಷ್ಟೇ ಹುಟ್ಟಿದ್ದ ಕಾಲದಲ್ಲಿ ಬರಿಗಣ್ಣು, ಬರಿಗೈಯಿಂದ ಅಷ್ಟು ಹೇಳುವುದು ಸಣ್ಣ ಮಾತಲ್ಲ.

ಕರುಳು ಏಕೆ ಇಷ್ಟು ಬೇಗ ಸೋಲುತ್ತದೆ? ಸಣ್ಣ ಕರುಳಿನ ಉದ್ದ ಸುಮಾರು ಆರು ಮೀಟರ್. ಅದರ ಒಳಪದರದ ಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತವೆ. ಈ ವೇಗಕ್ಕೆ ಆಮ್ಲಜನಕ ಎಷ್ಟಿದ್ದರೂ ಸಾಲದು. ವಿಶ್ರಾಂತಿಯಲ್ಲಿರುವಾಗ ಹೃದಯ ತಳ್ಳುವ ರಕ್ತದಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು ಜೀರ್ಣಾಂಗಗಳ ಪಾಲು. ಸಣ್ಣ ಕರುಳಿನ ಬಹುಭಾಗಕ್ಕೂ ದೊಡ್ಡ ಕರುಳಿನ ಬಲ ಅರ್ಧಕ್ಕೂ ರಕ್ತ ತರುವುದು ಸುಪೀರಿಯರ್ ಮೆಸೆಂಟರಿಕ್ ಎಂಬ ಒಂದೇ ಅಪಧಮನಿ. ಅದು ಕವಲೊಡೆದು ಕವಲೊಡೆದು, ಕೊನೆಗೆ ಕರುಳಿನ ಅಂಚಿಗೆ ನೂರಾರು ನೇರ ಎಳೆಗಳಾಗಿ ಇಳಿಯುತ್ತದೆ. ಲೂಪಸ್‌ನ ಗಂಟುಗಳು ಕೂರುವುದು ಈ ಕೊನೆಯ ಎಳೆಗಳಲ್ಲಿ. ನಾಳದ ಗೋಡೆ ಊದುತ್ತದೆ, ಒಳಗಿನ ನೀರಂಶ ಸೋರುತ್ತದೆ, ಕರುಳಿನ ಗೋಡೆ ನೆನೆದು ದಪ್ಪವಾಗುತ್ತದೆ, ಹೊಟ್ಟೆಯೊಳಗೆ ನೀರು ಕಟ್ಟುತ್ತದೆ. ಇಲ್ಲಿಗೇ ತಡೆದರೆ ಎಲ್ಲವೂ ಹಿಂದಿನಂತಾಗುತ್ತದೆ. ತಡೆಯದೆ ರಕ್ತ ಪೂರ್ತಿ ನಿಂತರೆ ಕೆಲವೇ ಗಂಟೆಗಳಲ್ಲಿ ಒಳಪದರ ಸಾಯತೊಡಗುತ್ತದೆ, ಮುಂದೆ ಗೋಡೆಯೇ ಕೊಳೆತು ತೂತು ಬೀಳುತ್ತದೆ, ಕರುಳಿನ ಬ್ಯಾಕ್ಟೀರಿಯಾ ಹೊಟ್ಟೆಯ ಪೊರೆಗೆ ಚೆಲ್ಲುತ್ತದೆ. ವೈದ್ಯರು ಲೂಪಸ್ ಎಂಟರೈಟಿಸ್ ಎಂದು ಕರೆಯುವುದು ಈ ಇಡೀ ಮೆಟ್ಟಿಲುಸಾಲನ್ನು; ರೋಗಿ ಯಾವ ಮೆಟ್ಟಿಲಲ್ಲಿ ನಿಂತಿದ್ದಾಳೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಹೊರಗಿನಿಂದ ಆ ಮೆಟ್ಟಿಲು ಕಾಣುವುದಿಲ್ಲ. ಫ್ರೆಂಚ್ ವೈದ್ಯರ ತಂಡವೊಂದು 2013ರಲ್ಲಿ ಅದುವರೆಗೆ ದಾಖಲಾದ ಪ್ರಕರಣಗಳಿಗೆ ತಮ್ಮವನ್ನೂ ಸೇರಿಸಿ ಸುಮಾರು 150 ರೋಗಿಗಳ ವಿವರ ಕೂಡಿಹಾಕಿತು. ಬಹುತೇಕ ಎಲ್ಲರಿಗೂ ಹೊಟ್ಟೆನೋವು ಇತ್ತು. ವಾಂತಿ ಅರ್ಧಕ್ಕಿಂತ ಕಡಿಮೆ ಮಂದಿಗೆ, ಭೇದಿ ಮೂವರಲ್ಲಿ ಒಬ್ಬರಿಗೆ, ಜ್ವರ ಐವರಲ್ಲಿ ಒಬ್ಬರಿಗೆ. ಇದು ಸೋಮವಾರದ ಹೊರರೋಗಿ ಸಾಲಿನಲ್ಲಿ ನಿಂತ ಯಾರ ಪಟ್ಟಿಯೂ ಆಗಬಹುದು. ಅದೃಷ್ಟಕ್ಕೆ ಸಿ.ಟಿ. ಸ್ಕ್ಯಾನ್ ಅಷ್ಟು ಮುಗುಮ್ಮಾಗಿರುವುದಿಲ್ಲ. ಬಣ್ಣದ ದ್ರವ ಕೊಟ್ಟು ತೆಗೆದ ಚಿತ್ರದಲ್ಲಿ ಕರುಳನ್ನು ಅಡ್ಡ ಕೊಯ್ದಂತೆ ನೋಡಿದರೆ ಊದಿದ ಗೋಡೆ ಒಂದರೊಳಗೊಂದು ಬಳೆ ಇಟ್ಟ ಹಾಗೆ ಕಾಣುತ್ತದೆ. ಅದಕ್ಕಿಂತ ಚೆಂದದ ಗುರುತು ರಕ್ತನಾಳಗಳದು: ಉಬ್ಬಿದ ನೇರ ಎಳೆಗಳು ಕರುಳಿನ ಅಂಚಿಗೆ ಒಂದರ ಪಕ್ಕ ಒಂದು, ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ನಿಂತಿರುತ್ತವೆ. ವಿಕಿರಣ ತಜ್ಞರು ಅದಕ್ಕೆ ಇಟ್ಟ ಹೆಸರೂ ಬಾಚಣಿಗೆಯದೇ.

ಇಲ್ಲಿ ಒಬ್ಬಳನ್ನು ಕಲ್ಪಿಸಿಕೊಳ್ಳುವುದು ಅನುಕೂಲ. ಆಕೆ ನಿಜವಾದ ಯಾರೂ ಅಲ್ಲ. ಪಠ್ಯಪುಸ್ತಕದ ಲಕ್ಷಣಗಳನ್ನು ಮೊಳಕಾಲ್ಮುರಿನ ಮಗ್ಗದ ಮನೆಗೆ ತಂದು ಕೂರಿಸಿದ್ದು ಅಷ್ಟೇ. ಇಪ್ಪತ್ತಾರು ವಯಸ್ಸು. ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ, ಎರಡು ವರ್ಷದಿಂದ ಕೈಕಾಲು ನೋವು. ರಾತ್ರಿಯಿಂದ ಹೊಟ್ಟೆ ಹಿಂಡುತ್ತಿದೆ, ಎರಡು ಸಲ ವಾಂತಿ. ಬೆಳಗ್ಗೆ ಅತ್ತೆ ಆಸ್ಪತ್ರೆಗೆ ಕರೆತಂದಿದ್ದಾರೆ.

‘ನಿನ್ನೆ ಮದ್ವೆ ಮನ್ಯಾಗೆ ಉಂಡಿದ್ಲು ಡಾಕ್ಟ್ರೇ, ಗ್ಯಾಸ್ಟ್ರಿಕ್ ಆಗೈತೆ.’

‘ಬೇರೆ ಏನಾದ್ರೂ ಗುಳಿಗೆ ತಗೊಳ್ತಾಳೇನಮ್ಮ?’

‘ಏನಿಲ್ಲ ಸಾರ್. ಕೈಕಾಲು ನೋವಿಗೆ ಒಂದು ಬಿಳೇದು ತಗೊಳ್ತಾಳೆ. ಅದು ತಗೊಂಡ್ರೆ ಹಾರಾಡ್ಕೊಂಡು ಕೆಲ್ಸ ಮಾಡ್ತಾಳೆ.’

ಆ ಬಿಳಿ ಗುಳಿಗೆ ಪ್ರೆಡ್ನಿಸೊಲೋನ್ ಆಗಿದ್ದರೆ, ಅಥವಾ ಯಾರೋ ಚೀಟಿಯಿಲ್ಲದೆ ಕೊಟ್ಟ ಡೆಕ್ಸಾಮೆಥಸೋನ್ ಆಗಿದ್ದರೆ, ವೈದ್ಯರು ಹೊಟ್ಟೆ ಒತ್ತಿ ನೋಡಿ ತಿಳಿಯುವುದಕ್ಕೆ ಅರ್ಥ ಕಡಿಮೆ. ಕರುಳು ತೂತು ಬಿದ್ದಾಗ ಹೊಟ್ಟೆಯ ಸ್ನಾಯು ಹಲಗೆಯಂತೆ ಬಿಗಿಯಬೇಕು, ಒತ್ತಿ ಬಿಟ್ಟರೆ ರೋಗಿ ಚೀರಬೇಕು, ಜ್ವರ ಏರಬೇಕು. ಇವೆಲ್ಲ ಉರಿಯೂತದ ಕೂಗು. ಸ್ಟೀರಾಯ್ಡ್ ಆ ಕೂಗನ್ನೇ ಅಡಗಿಸುವ ಔಷಧ. ಅದಕ್ಕಾಗಿಯೇ ಅದನ್ನು ಕೊಡುವುದು. ಹಾಗಾಗಿ ಒಳಗೆ ಕೀವು ತುಂಬುತ್ತಿದ್ದರೂ ಹೊಟ್ಟೆ ಮೆದುವಾಗಿ, ಮುಖ ದುಂಡಗೆ ಗೆಲುವಾಗಿ ಕಾಣಬಹುದು. ಸ್ಟೀರಾಯ್ಡ್ ರಕ್ತದ ಬಿಳಿಕಣಗಳನ್ನೂ ತಾನಾಗಿ ಏರಿಸುವುದರಿಂದ ರಕ್ತಪರೀಕ್ಷೆಯ ಅಂಕಿಯೂ ದಾರಿ ತಪ್ಪಿಸುತ್ತದೆ. ಲೂಪಸ್‌ನ ಹೊಟ್ಟೆಯ ವಿಷಯದಲ್ಲಿ ಒಂದೇ ಒಂದು ಮಾತು ನೆನಪಿಡಬೇಕೆಂದರೆ ಅದು ಇದೇ: ನೋವು ಎಷ್ಟು ಜೋರಾಗಿದೆ ಎನ್ನುವುದಕ್ಕಿಂತ, ಆಕೆ ಯಾವ ಗುಳಿಗೆ ನುಂಗುತ್ತಿದ್ದಾಳೆ ಎನ್ನುವುದು ಹೆಚ್ಚು ಹೇಳುತ್ತದೆ.

ಅದೇ ಗುಳಿಗೆಯನ್ನು ಆಕೆ ಹದಿನೈದು ದಿನದ ಹಿಂದೆ ತಟ್ಟನೆ ಬಿಟ್ಟಿದ್ದರೆ? ಮುಖ ಊದುತ್ತದೆ, ಮೈ ಉಷ್ಣವಾಗುತ್ತದೆ, ಗುಳಿಗೆಗೇ ಒಗ್ಗಿಹೋಗುತ್ತಾಳೆ ಎಂದು ಮನೆಯವರು ಬಿಡಿಸುವುದುಂಟು. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬಂದಾಗ ಮೂತ್ರಪಿಂಡದ ನೆತ್ತಿಯ ಮೇಲಿನ ಅಡ್ರಿನಲ್ ಗ್ರಂಥಿಗಳು ತಮ್ಮ ತಯಾರಿಕೆ ನಿಲ್ಲಿಸಿರುತ್ತವೆ. ಗುಳಿಗೆ ನಿಂತ ಮೇಲೆ ಎರಡೂ ಇಲ್ಲ. ಆಗಲೂ ಹೊಟ್ಟೆನೋವು, ವಾಂತಿ, ರಕ್ತದೊತ್ತಡದ ಕುಸಿತ. ನೋಡಲು ಕರುಳಿನ ತೊಂದರೆಯಂತೆಯೇ ಇರುವ ಇದಕ್ಕೆ ಮದ್ದು ಡ್ರಿಪ್ ಮತ್ತು ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್. ಕೊಟ್ಟರೆ ಗಂಟೆಗಳಲ್ಲಿ ಚೇತರಿಕೆ, ಮರೆತರೆ ಸಾವು.

ಈಗ ಶಸ್ತ್ರವೈದ್ಯರ ಇಕ್ಕಟ್ಟು. ಎಂಟರೈಟಿಸ್ ಮೊದಲ ಮೆಟ್ಟಿಲಲ್ಲಿದ್ದರೆ ಚಾಕು ಬೇಡ. ಬಾಯಿಗೆ ಏನೂ ಕೊಡದೆ ಕರುಳಿಗೆ ವಿಶ್ರಾಂತಿ, ರಕ್ತನಾಳದ ಮೂಲಕ ಮೀಥೈಲ್‌ಪ್ರೆಡ್ನಿಸೊಲೋನ್, ರೋಗ ಜೋರಾಗಿದ್ದರೆ ಸೈಕ್ಲೋಫಾಸ್ಫಮೈಡ್. ಬಹಳ ಮಂದಿ ಕೆಲವೇ ದಿನಗಳಲ್ಲಿ ಊಟ ಮಾಡುವಂತಾಗುತ್ತಾರೆ. ಇಂಥವರ ಹೊಟ್ಟೆ ಕೊಯ್ದರೆ ಕಾಯಿಲೆಯ ಮೇಲೆ ಗಾಯವೊಂದು ಹೆಚ್ಚುವರಿ, ಅದೂ ಸ್ಟೀರಾಯ್ಡ್‌ನಿಂದಾಗಿ ಬೇಗ ಮಾಯದ ಗಾಯ. ಆದರೆ ಕೊನೆಯ ಮೆಟ್ಟಿಲಲ್ಲಿದ್ದವರಿಗೆ ಕೊಯ್ಯದೆ ಸ್ಟೀರಾಯ್ಡ್ ಏರಿಸುತ್ತ ಕೂರುವುದು ಬೆಂಕಿಗೆ ಮುಚ್ಚಳ ಹಾಕಿದಂತೆ. ಮೆಕ್ಸಿಕೋದ ವೈದ್ಯರು 1997ರಲ್ಲಿ ತೀವ್ರ ಹೊಟ್ಟೆನೋವಿನಿಂದ ಬಂದ 51 ಲೂಪಸ್ ರೋಗಿಗಳ ಅನುಭವ ಪ್ರಕಟಿಸಿದರು. ಬಂದ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಆದವರು ಬದುಕಿದರು. ತಡವಾಗಿ ಆದವರಲ್ಲಿ ಬಹುತೇಕರು ಉಳಿಯಲಿಲ್ಲ. ಆ ವರದಿ ಓದಿದವರು ಕೊಯ್ಯುವುದೇ ಸರಿ ಎಂದುಕೊಂಡರು. ಮೇಲೆ ಹೇಳಿದ ಫ್ರೆಂಚ್ ಲೆಕ್ಕದಲ್ಲಿ ಹೆಚ್ಚಿನವರು ಸ್ಟೀರಾಯ್ಡ್‌ನಿಂದಲೇ ಗುಣವಾಗಿ, ಸತ್ತವರು ನೂರಕ್ಕೆ ಮೂವರಿಗಿಂತ ಕಡಿಮೆ. ಅದನ್ನು ಓದಿದವರು ಕಾಯುವುದೇ ಸರಿ ಎಂದುಕೊಂಡರು. ಎರಡೂ ಸುಳ್ಳಲ್ಲ. ನಡುವಿನ ವರ್ಷಗಳಲ್ಲಿ ಸಿ.ಟಿ. ಯಂತ್ರದ ಬಳಕೆ ಹೆಚ್ಚಿ, ಮೆದುವಾದ ಹೊಟ್ಟೆಯ ಒಳಗನ್ನು ಕೊಯ್ಯದೆಯೇ ನೋಡುವಂತಾಯಿತು. ಮೊದಲ ಮೆಟ್ಟಿಲಿನವರು ಲೆಕ್ಕಕ್ಕೆ ಸಿಗತೊಡಗಿದರು. ಹಾಗಾಗಿ ಪ್ರಶ್ನೆ ಚಾಕುವೋ ಡ್ರಿಪ್ಪೋ ಎಂಬುದಲ್ಲ, ಎಷ್ಟು ಬೇಗ ಸ್ಕ್ಯಾನ್ ಆಯಿತು ಮತ್ತು ಆಮೇಲೆ ಎಷ್ಟು ಸಲ ಮರಳಿ ನೋಡಿದರು ಎಂಬುದು.

ಎಂಟರೈಟಿಸ್ ಒಂದೇ ಅಲ್ಲ. 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್ ವಿವರಿಸಿದ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಲೂಪಸ್‌ನ ನೆಂಟ. ಅದರಲ್ಲಿ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ. ಕಾಲಿನಲ್ಲಿ ಕಟ್ಟುವ ಹೆಪ್ಪು ಕರುಳಿನ ನಾಳದಲ್ಲೂ ಕಟ್ಟಬಹುದು. ಪದೇ ಪದೇ ಗರ್ಭ ನಿಲ್ಲದೆ ಹೋದ ಹೆಂಗಸಿಗೆ ತಡೆಯಲಾರದ ಹೊಟ್ಟೆನೋವು ಬಂದರೆ ಇದರ ನೆನಪಾಗಬೇಕು, ಏಕೆಂದರೆ ಇಲ್ಲಿ ಬೇಕಾದ್ದು ಉರಿಯೂತದ ಮದ್ದಿಗಿಂತ ರಕ್ತ ತೆಳುವಾಗಿಸುವ ಮದ್ದು. ಇನ್ನು ಕೆಲವರಲ್ಲಿ ಕರುಳಿನ ಸ್ನಾಯುವೇ ಕೆಲಸ ನಿಲ್ಲಿಸಿ, ಎಲ್ಲೂ ಅಡ್ಡಿಯಿಲ್ಲದಿದ್ದರೂ ಅಡ್ಡಿಯಾದಂತೆ ಹೊಟ್ಟೆ ಉಬ್ಬರಿಸುತ್ತದೆ. ಜತೆಗೆ ಮೂತ್ರನಾಳಗಳೂ ಉಬ್ಬಿದ್ದರೆ ಗುಟ್ಟು ಹೊರಬೀಳುತ್ತದೆ. ಪ್ರೋಟೀನು ಕರುಳಿನ ಮೂಲಕ ಸೋರಿ ಮೈಕೈ ಊದುವುದು, ಮೇದೋಜೀರಕ ಗ್ರಂಥಿಯ ಊತ, ನೋವಿನ ಗುಳಿಗೆಗಳಿಂದ ಆಗುವ ಹುಣ್ಣು ಇವೂ ಉಂಟು. ಕೊನೆಯದು ಎಲ್ಲಕ್ಕಿಂತ ಸಾಮಾನ್ಯ. ಅಂದರೆ ಲೂಪಸ್ ಇರುವವರಿಗೂ ಕೆಲವೊಮ್ಮೆ ನಿಜವಾಗಿಯೇ ಗ್ಯಾಸ್ಟ್ರಿಕ್ ಆಗುತ್ತದೆ, ಅಪೆಂಡಿಕ್ಸ್ ಕೂಡ ಊದುತ್ತದೆ.

ಪಾಶ್ಚಾತ್ಯ ಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸುವ, ನಮ್ಮಲ್ಲಿ ಪುಟಗಟ್ಟಲೆ ಬೇಕಾದ ವಿಷಯ ಸೋಂಕು. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುತ್ತದೆಂದು ಹಲವರ ನಂಬಿಕೆ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಬಲಗಡೆಯ ಸಂದಿ ಅದಕ್ಕೆ ಪ್ರಿಯವಾದ ತಾಣ. ಅಲ್ಲೂ ಕರುಳಿನ ಗೋಡೆ ದಪ್ಪವಾಗುತ್ತದೆ, ಅಲ್ಲೂ ಹೊಟ್ಟೆಯಲ್ಲಿ ನೀರು ಕಟ್ಟುತ್ತದೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಮಲಗಿದ್ದ ಕ್ಷಯ ಎದ್ದೇಳುವ ಸಾಧ್ಯತೆ ಬೇರೆ ಹೆಚ್ಚು. ಲೂಪಸ್ ಎಂದು ತಿಳಿದು ಕ್ಷಯಕ್ಕೆ ಸ್ಟೀರಾಯ್ಡ್ ಸುರಿದರೆ ರೋಗಾಣುವಿಗೆ ಹಬ್ಬ. ಕ್ಷಯವೆಂದು ತಿಳಿದು ಎಂಟರೈಟಿಸ್‌ಗೆ ಆರು ತಿಂಗಳ ಕ್ಷಯದ ಗುಳಿಗೆ ಕೊಟ್ಟರೆ ಕರುಳು ಅಲ್ಲಿಯವರೆಗೆ ಕಾಯುವುದಿಲ್ಲ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಕ್ಕೂ ಲೂಪಸ್ ರೋಗಿಗಳು ಸುಲಭದ ತುತ್ತು.

ಇನ್ನೊಂದು ಜೀವಿ ಸ್ಟ್ರಾಂಗಿಲಾಯ್ಡಿಸ್ ಎಂಬ ದಾರದಂಥ ಹುಳು. ಬರಿಗಾಲಲ್ಲಿ ತೇವದ ಮಣ್ಣು ತುಳಿದಾಗ ಅದರ ಮರಿ ಚರ್ಮ ಕೊರೆದು ಒಳಸೇರುತ್ತದೆ. ಹೆಚ್ಚಿನ ಹುಳುಗಳಿಗಿಲ್ಲದ ಚಾಳಿ ಇದಕ್ಕಿದೆ: ಕರುಳಿನೊಳಗೇ ಮರಿಮಾಡಿ, ಮತ್ತೆ ಅದೇ ದೇಹಕ್ಕೆ ನುಗ್ಗುತ್ತ ದಶಕಗಟ್ಟಲೆ ಸದ್ದಿಲ್ಲದೆ ಉಳಿಯುತ್ತದೆ. ಸ್ಟೀರಾಯ್ಡ್ ಬಿದ್ದೊಡನೆ ಹತೋಟಿ ತಪ್ಪಿ ಸಾವಿರಾರು ಮರಿಗಳು ಕರುಳಿನ ಗೋಡೆ ಸೀಳಿ, ಬ್ಯಾಕ್ಟೀರಿಯಾಗಳನ್ನು ಮೈಗಂಟಿಸಿಕೊಂಡು ರಕ್ತಕ್ಕೂ ಶ್ವಾಸಕೋಶಕ್ಕೂ ಹರಡುತ್ತವೆ. ಐವರ್‌ಮೆಕ್ಟಿನ್ ಗುಳಿಗೆ ಮೊದಲೇ ಕೊಟ್ಟಿದ್ದರೆ ತಪ್ಪುವ ಅನಾಹುತ. ಒಣ ಚಳ್ಳಕೆರೆಗಿಂತ ಮಲೆನಾಡು, ಕರಾವಳಿಯ ತೇವದ ಮಣ್ಣು ಈ ಹುಳುವಿಗೆ ಹೆಚ್ಚು ಹಿತ. ಆದರೆ ಕಾಫಿ ಸೀಮೆಗೆ ಕೂಲಿಗೆ ಹೋಗಿ ಬಂದವರು ಎಲ್ಲಿಯವರು ಎಂದು ಹುಳು ಕೇಳುವುದಿಲ್ಲ.

ಇಷ್ಟೆಲ್ಲ ಜಟಿಲತೆಯನ್ನು ಬಿಡಿಸಲು ಸಿ.ಟಿ. ಯಂತ್ರ, ಅದನ್ನು ಓದುವವರು, ರುಮಟಾಲಜಿ ಬಲ್ಲ ವೈದ್ಯರು, ಶಸ್ತ್ರವೈದ್ಯರು, ತೀವ್ರ ನಿಗಾ ಘಟಕ ಒಂದೇ ಸೂರಿನಡಿ ಇರಬೇಕು. ಮೊಳಕಾಲ್ಮುರಿನಿಂದ ಚಳ್ಳಕೆರೆ ಸುಮಾರು 50 ಕಿಲೋಮೀಟರ್, ಅಲ್ಲಿಂದ ಚಿತ್ರದುರ್ಗ ಮತ್ತೆ 30, ದಾವಣಗೆರೆ ಇನ್ನೂ 60. ಮೊಳಕಾಲ್ಮುರಿನಿಂದ ಉತ್ತರಕ್ಕೆ ಹೊರಟರೆ ಬಳ್ಳಾರಿ ಸುಮಾರು 60. ಹಾಗಾಗಿ ಮೊಳಕಾಲ್ಮುರು, ರಾಂಪುರದ ಕಡೆಯವರು ಜಿಲ್ಲೆ ಬೇರೆಯಾದರೂ ಕಾಯಿಲೆ ದೊಡ್ಡದೆನಿಸಿದಾಗ ಬಳ್ಳಾರಿಯತ್ತ ನೋಡುವುದು ಸಹಜ. ಜಿಲ್ಲಾ ಕೇಂದ್ರ ಒಂದು ದಿಕ್ಕಿಗೆ, ಹತ್ತಿರದ ದೊಡ್ಡಾಸ್ಪತ್ರೆ ಇನ್ನೊಂದು ದಿಕ್ಕಿಗೆ. ಬೆಂಗಳೂರು ಚಳ್ಳಕೆರೆಯಿಂದ 200 ಕಿಲೋಮೀಟರ್. ಇದೇ ತಾಲ್ಲೂಕಿನ ಕುದಾಪುರದ ಹುಲ್ಲುಗಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ, 2017ರಲ್ಲಿ ಉದ್ಘಾಟನೆಯಾದ ಡಿಆರ್‌ಡಿಓದ ವೈಮಾನಿಕ ಪರೀಕ್ಷಾ ವಲಯದಲ್ಲಿ ಪೈಲಟ್ಟಿಲ್ಲದ ವಿಮಾನಗಳು ಹಾರುತ್ತವೆ. ವಿಜ್ಞಾನ ನಗರ ಎಂಬ ಹೆಸರು ಚಳ್ಳಕೆರೆಗೆ ಬಂದು ವರ್ಷಗಳಾದವು. ನಡುರಾತ್ರಿ ಹೊಟ್ಟೆ ಹಿಡಿದು ಹೊರಟವಳ ದಾರಿ ಅದರಿಂದ ಗಿಡ್ಡವಾಗಿಲ್ಲ.

ದಾರಿಯನ್ನು ಸುಗಮಗೊಳಿಸುವ ಏರ್ಪಾಡುಗಳು ಇಲ್ಲವೆಂದಲ್ಲ. 2008ರಿಂದ 108 ಆಂಬುಲೆನ್ಸ್ ಇದೆ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಉಳಿಯಿತು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ತಪಾಸಣೆಗೆ ಹೋಗಬೇಕಾದ ಲೂಪಸ್‌ನಂಥ ಕಾಯಿಲೆಗೆ ಈ ಉಳಿತಾಯ ನೇರವಾಗಿ ಮದ್ದಿನಷ್ಟೇ ಕೆಲಸ ಮಾಡಬಲ್ಲದು. ಎಷ್ಟೋ ಮಂದಿ ಗುಳಿಗೆ ಬಿಡುವುದು ಅದರ ಮೇಲಿನ ಬೇಸರಕ್ಕಲ್ಲ, ಊರಿಂದ ಊರಿಗೆ ಹೋಗುವ ಖರ್ಚಿಗೆ ಹೆದರಿ.

ಖರ್ಚೇ ಇಲ್ಲದ ಒಂದು ಉಪಾಯವಿದೆ: ಚೀಟಿ. ರೋಗದ ಹೆಸರು, ದಿನವೂ ನುಂಗುವ ಗುಳಿಗೆಗಳ ಹೆಸರು ಮತ್ತು ಪ್ರಮಾಣ, ಸ್ಟೀರಾಯ್ಡ್ ಎಷ್ಟು ದಿನದಿಂದ, ಕೊನೆಯ ಬಾರಿ ಯಾವಾಗ ಕಡಿಮೆ ಮಾಡಿದ್ದು, ತಜ್ಞರ ಫೋನ್ ನಂಬರು. ಇದನ್ನು ರೇಷನ್ ಕಾರ್ಡಿನ ಜತೆ ಇಟ್ಟುಕೊಂಡವಳು ಚಳ್ಳಕೆರೆಯ ರಾತ್ರಿ ಪಾಳಿಯ ವೈದ್ಯರಿಗೆ ಅರ್ಧ ರೋಗನಿದಾನವನ್ನು ಕೈಗಿತ್ತಂತೆ. ಚೀಟಿ ನೋಡಿದ ವೈದ್ಯರು ಮಾಡಬೇಕಾದ್ದೂ ಬಹಳವಿಲ್ಲ: ಡ್ರಿಪ್ ಹಾಕಿ, ಸ್ಟೀರಾಯ್ಡ್ ನಿಲ್ಲಿಸದೆ ಸೂಜಿಯ ಮೂಲಕ ಮುಂದುವರಿಸಿ, ನೋವಿಗೆ ಡೈಕ್ಲೋಫೆನಾಕ್ ಕೊಡದೆ, ಸಿ.ಟಿ. ಇರುವ ಕಡೆಗೆ ಅದೇ ರಾತ್ರಿ ಕಳಿಸುವುದು. ‘ಬೆಳಗ್ಗೆವರೆಗೆ ನೋಡೋಣ’ ಎಂಬುದು ಬೇರೆ ಹೊಟ್ಟೆನೋವುಗಳಲ್ಲಿ ಜಾಣತನ, ಇಲ್ಲಿ ಜೂಜು.

ಗುಣವಾಗಿ ಮನೆಗೆ ಬಂದವರಲ್ಲೂ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಎಂಟರೈಟಿಸ್ ಮರುಕಳಿಸುತ್ತದೆ. ಆದರೂ ಒಟ್ಟು ಚಿತ್ರ ಬದಲಾಗಿರುವ ಬಗೆ ಬೆರಗು ಹುಟ್ಟಿಸುವಂಥದ್ದು. 1955ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಲೆಕ್ಕದಂತೆ ಲೂಪಸ್ ಪತ್ತೆಯಾದ ನಾಲ್ಕು ವರ್ಷಕ್ಕೆ ಬದುಕಿರುತ್ತಿದ್ದವರು ಸರಿಸುಮಾರು ಅರ್ಧ. ಈಗ ಐದು ವರ್ಷದ ಲೆಕ್ಕದಲ್ಲೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಉಳಿಯುತ್ತಾರೆ. ಇದರ ಶ್ರೇಯಸ್ಸು ಕಾರ್ಟಿಸೋನ್ ಕಂಡುಹಿಡಿದು 1950ರಲ್ಲಿ ನೊಬೆಲ್ ಪಡೆದವರಿಗೂ ಡಯಾಲಿಸಿಸ್‌ಗೂ ಆಂಟಿಬಯಾಟಿಕ್‌ಗೂ ಹಂಚಿಹೋಗಬೇಕು.

ಇತ್ತೀಚೆಗೆ ಕರುಳಿನ ಪಾತ್ರವೇ ಅದಲುಬದಲಾಗುವ ಸೂಚನೆಗಳಿವೆ. ಇಷ್ಟು ದಿನ ಅದನ್ನು ಲೂಪಸ್‌ನ ಬಲಿಪಶು ಎಂದುಕೊಂಡಿದ್ದಾಯಿತು. ಯೇಲ್ ವಿಶ್ವವಿದ್ಯಾಲಯದ ತಂಡವೊಂದು 2018ರಲ್ಲಿ, ಎಂಟರೋಕಾಕಸ್ ಗ್ಯಾಲಿನೇರಮ್ ಎಂಬ ಕರುಳಿನ ಬ್ಯಾಕ್ಟೀರಿಯಾ ಲೂಪಸ್‌ಗೆ ಒಲಿದ ತಳಿಯ ಇಲಿಗಳಲ್ಲಿ ಕರುಳಿನ ಬೇಲಿ ದಾಟಿ ಯಕೃತ್ತು ಸೇರಿ, ಅಲ್ಲಿ ಸ್ವಂತ ದೇಹದ ವಿರುದ್ಧದ ಪ್ರತಿಕಾಯಗಳನ್ನು ಕೆರಳಿಸುತ್ತದೆ ಎಂದು ತೋರಿಸಿತು. ಆ ಬ್ಯಾಕ್ಟೀರಿಯಾದ ವಿರುದ್ಧ ಲಸಿಕೆ ಕೊಟ್ಟ ಇಲಿಗಳು ಹೆಚ್ಚು ಕಾಲ ಬದುಕಿದವು. ಕೆಲವು ರೋಗಿಗಳ ಯಕೃತ್ತಿನಲ್ಲೂ ಅದರ ಕುರುಹು ಸಿಕ್ಕಿತು. ಮರುವರ್ಷ ನ್ಯೂಯಾರ್ಕಿನಲ್ಲಿ ಇನ್ನೊಂದು ತಂಡ, ಕಿಡ್ನಿಗೆ ಲೂಪಸ್ ತಗುಲಿದವರ ಕರುಳಿನಲ್ಲಿ ರೂಮಿನೋಕಾಕಸ್ ನೇವಸ್ ಎಂಬ ಬ್ಯಾಕ್ಟೀರಿಯಾ ವಿಪರೀತ ಹೆಚ್ಚಿರುವುದನ್ನು ಕಂಡಿತು. ಇದನ್ನೇ ಹಿಡಿದು ಮಜ್ಜಿಗೆ ಕುಡಿದರೆ ಲೂಪಸ್ ವಾಸಿ ಎಂದು ಮೊಬೈಲ್‌ನಲ್ಲಿ ಸಂದೇಶ ಹರಿಬಿಡುವವರೂ ಬರುತ್ತಾರೆ. ಮಜ್ಜಿಗೆ ಒಳ್ಳೆಯದೇ; ಆ ಸಂಶೋಧನೆ ಹೇಳಿದ್ದು ಮಾತ್ರ ಅದಲ್ಲ.

ಸದ್ಯಕ್ಕೆ ರೋಗ ಮರಳಿ ಏಳದಂತೆ ತಡೆಯುವ ಅತಿ ಅಗ್ಗದ, ಅತಿ ಹಳೆಯ ಮದ್ದು ಹೈಡ್ರಾಕ್ಸಿಕ್ಲೋರೋಕ್ವಿನ್. ಮಲೇರಿಯಾಕ್ಕೆ ಮಾಡಿದ ಔಷಧಗಳು ಲೂಪಸ್‌ಗೂ ಆಗುತ್ತವೆ ಎಂದು ಲಂಡನ್ನಿನ ಫ್ರಾನ್ಸಿಸ್ ಪೇಜ್ 1951ರಲ್ಲಿ ವರದಿ ಮಾಡಿದ ಮೇಲೆ ಈ ಸಾಲಿನ ಗುಳಿಗೆಗಳು ಬಳಕೆಗೆ ಬಂದವು. 2020ರ ಮಾರ್ಚ್‌ನಲ್ಲಿ ಅದು ಕೋವಿಡ್‌ಗೆ ರಾಮಬಾಣವೆಂಬ ಗುಲ್ಲೆದ್ದು, ಲೂಪಸ್ ಇರುವವರು ಅಂಗಡಿಯಿಂದ ಅಂಗಡಿಗೆ ಅಲೆದು ಬರಿಗೈಯಲ್ಲಿ ಮರಳಿದರು. ಕೋವಿಡ್‌ಗೆ ಅದು ಉಪಯೋಗಕ್ಕೆ ಬಾರದೆಂದು ದೊಡ್ಡ ಪ್ರಯೋಗಗಳು ತೋರಿಸುವಷ್ಟರಲ್ಲಿ ತಿಂಗಳುಗಳು ಕಳೆದಿದ್ದವು. ಗುಳಿಗೆಯ ಪ್ರಮಾಣ ದೇಹತೂಕದ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಮೀರದಂತೆ ವೈದ್ಯರು ನೋಡಿಕೊಳ್ಳುತ್ತಾರೆ. ವರ್ಷಗಟ್ಟಲೆ ನುಂಗಿದರೆ ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯಾಗಬಹುದಾದ್ದರಿಂದ ಶುರುವಿನಲ್ಲೊಮ್ಮೆ, ಐದು ವರ್ಷದ ಬಳಿಕ ಪ್ರತಿ ವರ್ಷವೂ ಕಣ್ಣಿನ ಪರೀಕ್ಷೆ ಆಗಬೇಕು. ಕಿಡ್ನಿ ಸೋತವರಿಗೆ ಇನ್ನೂ ಮೊದಲೇ.